ಲೇಹ್‌ನ ಅಂಗಳದ ಮರಗಳು

ಪಶ್ಚಿಮ ಘಟ್ಟದ ಮಡಿಲಲ್ಲಿ ಕುಳಿತು ಲಡಾಖಿನ ಮರಗಳ ಬಗ್ಗೆ ಸಂಪಾದಕೀಯ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆಗುಂಬೆಯಲ್ಲಿ ಮುಂಗಾರಿನ ಒಂದೇ ದಿನ ಸುರಿಯಬಹುದಾದಷ್ಟು ಮಳೆ ಲೇಹ್ ಪಟ್ಟಣಕ್ಕೆ ಇಡೀ ವರ್ಷದಲ್ಲಿ ದಕ್ಕುತ್ತದೆ. ಅಂದರೆ ಸುಮಾರು 100 ಮಿಲಿಮೀಟರ್. ಸಮುದ್ರಮಟ್ಟದಿಂದ 3,500 ಮೀಟರ್ ಎತ್ತರದ ಆ ನೆಲದಲ್ಲಿ ತಾನಾಗಿ ಹುಟ್ಟಿ ಬೆಳೆದ ಮರ ಅಪರೂಪ. ಹಳ್ಳಿಗಳ ನಡುವೆ ಕಾಣುವ ಹಸಿರಿನ ಬಹುಪಾಲು ಮನುಷ್ಯರೇ ನೆಟ್ಟು, ಹಿಮ ಕರಗಿದ ನೀರನ್ನು ಕಾಲುವೆಯಲ್ಲಿ ತಂದು ಉಳಿಸಿಕೊಂಡದ್ದು. ಆದ್ದರಿಂದ ಅಲ್ಲಿ ಮರದ ಅಳಿವು ಉಳಿವು ಅರಣ್ಯ ಇಲಾಖೆಯ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ಮನೆಯವರ ಕೈಯಲ್ಲಿದೆ. ಮರವೆಂದರೆ ಕಾಡು ಎಂದೇ ಯೋಚಿಸಿ ರೂಢಿಯಾಗಿರುವ ನಮ್ಮಂಥವರು ಇದನ್ನು ಗಮನಿಸಬೇಕು.

ಲಡಾಖಿಗಳು ವಿಲೋ ಮರವನ್ನು ಚಂಗ್ಮಾ ಎನ್ನುತ್ತಾರೆ. ಪಾಪ್ಲರ್‌ನ ನೆಟ್ಟನೆಯ ಕಾಂಡ ಮನೆಯ ತೊಲೆಯಾದರೆ, ಚಂಗ್ಮಾದ ಸಣ್ಣ ಕೋಲುಗಳನ್ನು ತೊಲೆಗಳ ಮೇಲೆ ಒತ್ತೊತ್ತಾಗಿ ಜೋಡಿಸಿ, ಹುಲ್ಲು ಹಾಸಿ, ಮಣ್ಣು ಮೆತ್ತಿದರೆ ಮಾಳಿಗೆ ಸಿದ್ಧ. ಎಲೆ ಚಳಿಗಾಲದಲ್ಲಿ ಕುರಿ ಮೇಕೆಗಳಿಗೆ ಮೇವು, ಉಳಿದ ರೆಂಬೆ ಒಲೆಗೆ. ದನಕರುಗಳ ಬಾಯಿಗೆ ಎಟುಕದ ಎತ್ತರದಲ್ಲಿ ಕಾಂಡವನ್ನು ನಿಲ್ಲಿಸಿ, ಕೆಲವು ವರ್ಷಗಳಿಗೊಮ್ಮೆ ಅದೇ ಗಂಟಿನಿಂದ ಚಿಗುರಿದ ಕೋಲುಗಳನ್ನು ಸವರುವುದು ರೂಢಿ. ತಳ ಕತ್ತರಿಸಿದ ಹಳೆಯ ತಗಡಿನ ಡಬ್ಬಿಗಳನ್ನು ಎಳೆಯ ಕಾಂಡಕ್ಕೆ ತೊಡಿಸಿ ತೊಗಟೆ ಕಾಯುವುದನ್ನೂ ಕಾಣಬಹುದು. ನಮ್ಮ ಸೊಪ್ಪಿನ ಬೆಟ್ಟಗಳಲ್ಲಿ ಬಲ್ಲವರು ತುದಿ ಉಳಿಸಿ ಸೊಪ್ಪು ಕಡಿಯುತ್ತಿದ್ದುದಕ್ಕೂ ಇದಕ್ಕೂ ನೆಂಟಸ್ತಿಕೆಯಿದೆ. ಎರಡೂ ಕಡೆ ಕತ್ತಿ ಹಿಡಿದ ಕೈಯೇ ಮರವನ್ನು ಸಾಕಿದೆ.

ಪರಿಸರವಾದಿಗಳಾದ ನಾವು ಈ ಮಾತನ್ನು ಸುಲಭವಾಗಿ ಒಪ್ಪುವುದಿಲ್ಲ. ಕಡಿಯಬೇಡಿ ಎಂಬ ಒಂದೇ ಘೋಷಣೆ ನಮಗೆ ಅಭ್ಯಾಸವಾಗಿದೆ. ಲೇಹ್‌ನಲ್ಲಿ ಇಂದು ಆಗುತ್ತಿರುವುದನ್ನು ಆ ಘೋಷಣೆಯಿಂದ ಅರ್ಥಮಾಡಿಕೊಳ್ಳಲಾಗದು. 1974ರಲ್ಲಿ ಪ್ರವಾಸಿಗರಿಗೆ ತೆರೆದುಕೊಂಡ ಲಡಾಖಿಗೆ 2022ರ ಒಂದೇ ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಬಂದರು. ಅಂಗಳಗಳು ಅತಿಥಿಗೃಹಗಳಾಗುತ್ತಿವೆ. 2010ರ ಆಗಸ್ಟ್‌ನ ಮೇಘಸ್ಫೋಟದ ನಂತರವಂತೂ ಮಣ್ಣಿನ ಮಾಳಿಗೆಯ ಮೇಲಿನ ನಂಬಿಕೆ ಅಲುಗಾಡಿತು. ಕಾಂಕ್ರೀಟು, ತಗಡು ಬಂದವು. ಮಾಳಿಗೆಗೆ ಕೋಲು ಬೇಡವಾದ ಮನೆಯಲ್ಲಿ ಚಂಗ್ಮಾಕ್ಕೆ ನೀರು ಬಿಡುವ ತುರ್ತೂ ಕಡಿಮೆಯಾಗುತ್ತದೆ. ನೀರು ಕೊಳವೆಬಾವಿಯಿಂದ ನೇರವಾಗಿ ಸ್ನಾನದ ಮನೆಗೆ ಹೋಗುತ್ತದೆ. ಅಂಗಳಕ್ಕೆ ಹರಿಯುತ್ತಿದ್ದ ಯೂರಾ, ಅಂದರೆ ಹಳ್ಳಿಯ ನೀರಗಾಲುವೆ, ಚಪ್ಪಡಿಯಡಿ ಸೇರುತ್ತದೆ. ಹಳ್ಳಿಯಲ್ಲಿ ಸರದಿಯ ಪ್ರಕಾರ ನೀರು ಹಂಚುವ ಚುರ್ಪೋನ್‌ಗೆ ಇಂಥ ಅಂಗಳದಲ್ಲಿ ಕೆಲಸವೇ ಇರುವುದಿಲ್ಲ. ಎರಡು ಮೂರು ವರ್ಷಗಳಲ್ಲಿ ಮರ ಒಣಗುತ್ತದೆ. ಆಗ ಅದು ‘ಒಣಗಿದ ಮರ’, ತೆಗೆದುಹಾಕಲು ಯಾರ ಆಕ್ಷೇಪವೂ ಇಲ್ಲ. ಕೊಡಲಿ ಬೀಳುವುದಕ್ಕೆ ಬಹಳ ಮುಂಚೆಯೇ ಮರವನ್ನು ಕೊಂದಾಗಿರುತ್ತದೆ.

ಶೀತ ಮರುಭೂಮಿಯಲ್ಲಿ ಮರ ಸಾಯುವ ಬಗೆಯೂ ನಮ್ಮ ಊಹೆಗೆ ವಿರುದ್ಧವಾದುದು. ಚಳಿ ಕೊಂದಿತು ಎನ್ನುತ್ತೇವೆ; ಹಲವು ಬಾರಿ ಕೊಲ್ಲುವುದು ಬಾಯಾರಿಕೆ. ಎಲೆ ಉದುರಿದ ಮರವೂ ಮೊಗ್ಗು, ಎಳೆರೆಂಬೆ, ತೊಗಟೆಗಳ ಮೂಲಕ ಒಣಗಾಳಿಗೆ ಅಷ್ಟಷ್ಟೇ ತೇವ ಕಳೆದುಕೊಳ್ಳುತ್ತಲೇ ಇರುತ್ತದೆ. ನೆಲ ಹೆಪ್ಪುಗಟ್ಟಿರುವುದರಿಂದ ಬೇರು ಆ ನಷ್ಟವನ್ನು ತುಂಬಿಕೊಡಲಾರದು. ಸುಗ್ಗಿ ಮುಗಿಯಿತೆಂದು ಶರತ್ಕಾಲದಲ್ಲೇ ನೀರು ನಿಲ್ಲಿಸಿದರೆ ಮರ ಒಣ ಬೇರಿನೊಡನೆ ಚಳಿಗಾಲಕ್ಕೆ ಕಾಲಿಡುತ್ತದೆ. ನೆಲ ಗಟ್ಟಿಯಾಗುವ ಮುನ್ನ ಒಮ್ಮೆ ಚೆನ್ನಾಗಿ, ಆಳಕ್ಕೆ ಇಳಿಯುವಂತೆ ನೀರುಣಿಸುವುದು ಇದಕ್ಕಿರುವ ಅಗ್ಗದ ಮದ್ದು. ಆ ನೀರನ್ನು ಕಾಂಡದ ಬುಡಕ್ಕೇ ಸುರಿದರೆ ಹೆಚ್ಚು ಪ್ರಯೋಜನವಿಲ್ಲ. ನೀರು ಹೀರುವ ಸಣ್ಣ ಬೇರುಗಳು ನೆತ್ತಿಯ ನೆರಳನ್ನೂ ದಾಟಿ ಹರಡಿರುತ್ತವೆ, ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಅಂಗಳಕ್ಕೆ ಸಿಮೆಂಟು ಬಳಿಯುವವರು ಬುಡದ ಸುತ್ತ ಒಂದು ಮೊಳ ಬಿಟ್ಟು ಮರಕ್ಕೆ ಉಪಕಾರ ಮಾಡಿದೆವೆಂದು ಭಾವಿಸುತ್ತಾರಲ್ಲ, ಅದು ಬರಿಯ ಸಮಾಧಾನ. ನಮ್ಮ ಊರುಗಳಲ್ಲೂ ಇದೇ ಕತೆ.

ಇನ್ನೊಂದು ಪೆಟ್ಟು ಬಿಸಿಲಿನದು. ಚಳಿಗಾಲದ ಮಧ್ಯಾಹ್ನ ನೈಋತ್ಯದಿಂದ ಬೀಳುವ ಬಿಸಿಲಿಗೆ ಎಳೆಯ ಕಾಂಡದ ಆ ಮಗ್ಗುಲು ಬೆಚ್ಚಗಾಗಿ ಎಚ್ಚರಗೊಳ್ಳುತ್ತದೆ. ಸೂರ್ಯ ಬೆಟ್ಟದಾಚೆ ಸರಿದೊಡನೆ ಹೆಪ್ಪುಗಟ್ಟುತ್ತದೆ. ತೊಗಟೆಯಡಿಯ ಜೀವಪದರ ಸತ್ತು, ಮುಂದೆ ತೊಗಟೆ ಸೀಳಿ ಕಳಚುತ್ತದೆ. ಅಡಿಕೆ ತೋಟದವರಿಗೆ ಈ ದಿಕ್ಕು ಚೆನ್ನಾಗಿ ಗೊತ್ತು. ತೆಂಕಣ ಪಡುವಣದ ಬಿಸಿಲಿಗೆ ಮರ ಸೀಳದಂತೆ ನಾವು ಸೋಗೆ ಕಟ್ಟುತ್ತೇವೆ, ಸುಣ್ಣ ಬಳಿಯುತ್ತೇವೆ. ಅಲ್ಲಿಯೂ ಎಳೆಗಿಡಕ್ಕೆ ಬಿಳಿಯ ಬಟ್ಟೆ ಸುತ್ತಿದರೆ ಅಥವಾ ಸುಣ್ಣ ಬಳಿದರೆ ಸಾಕು. ಸುತ್ತಿದ ಬಟ್ಟೆಯನ್ನು ವಸಂತದಲ್ಲಿ ಬಿಚ್ಚಲು ಮರೆಯಬಾರದು.

ಸವರುವ ವಿಷಯದಲ್ಲಿ ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ (1930–2006) ಅವರ ಕೆಲಸವನ್ನು ನೆನೆಯಬೇಕು. ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿದ ಅವರು, ಮರದ ಗಾಯ ನಮ್ಮ ಚರ್ಮದ ಗಾಯದಂತೆ ಮಾಯುವುದಿಲ್ಲವೆಂದು ತೋರಿಸಿದರು. ಮರ ಗಾಯದ ಸುತ್ತ ಒಳಗೋಡೆ ಕಟ್ಟಿ, ಕೊಳೆತವನ್ನು ಅಲ್ಲೇ ಬಂಧಿಸಿ, ಹೊಸ ಮರವನ್ನು ಹೊರಗೆ ಬೆಳೆಸುತ್ತದೆ. ರೆಂಬೆಯ ಬುಡದಲ್ಲಿ ಉಬ್ಬಿದ ಕೊರಳು ಆ ಗೋಡೆಗೆ ನೆರವಾಗುವ ಜಾಗ. ನುಣುಪಾಗಿ ಕಾಣಲೆಂದು ಕೊರಳನ್ನೂ ಸೇರಿಸಿ ಕೊಯ್ದರೆ ಕೊಳೆತಕ್ಕೆ ಬಾಗಿಲು ತೆರೆದಂತೆ. ಗಾಯಕ್ಕೆ ಟಾರು, ಬಣ್ಣ ಬಳಿಯುವುದರಿಂದ ಕೊಳೆತ ನಿಲ್ಲುವುದಿಲ್ಲ. ಎಂದೂ ಸವರದ ದೊಡ್ಡ ಮರದ ತಲೆಯನ್ನು ಒಮ್ಮೆಲೇ ಹಾರಿಸುವುದಂತೂ ಚಂಗ್ಮಾ ಸವರುವ ಪದ್ಧತಿಯಲ್ಲ. ಅದು ಎಳೆತನದಲ್ಲಿ ಆರಂಭಿಸಿ ಅದೇ ಗಂಟಿಗೆ ಮರಳುವ ಕ್ರಮ. ಹೊರನೋಟಕ್ಕೆ ಒಂದೇ ಎಂದು ತೋರುವ ಈ ಎರಡನ್ನು ಮರ ಕಡಿಯುವ ಗುತ್ತಿಗೆದಾರರು ಬೇಕೆಂದೇ ಗೊಂದಲ ಮಾಡುತ್ತಾರೆಂಬುದು ನಮ್ಮ ಅನುಮಾನ.

ಹಾಗಾದರೆ ಮನೆ ಪಕ್ಕದ ಮರವನ್ನು ತೆಗೆಯಲೇಬಾರದೆ? ತೆಗೆಯಬೇಕಾದ ಮರಗಳಿವೆ. ಇತ್ತೀಚೆಗೆ ವಾಲಿದ್ದು, ವಾಲಿದ್ದರ ಎದುರು ಮಗ್ಗುಲಲ್ಲಿ ನೆಲ ಉಬ್ಬಿದ್ದು, ಬುಡದಲ್ಲೇ ಅಣಬೆ ಎದ್ದದ್ದು, ಅಡಿಪಾಯ ತೋಡುವಾಗ ಒಂದು ಕಡೆಯ ಬೇರನ್ನೆಲ್ಲ ಕಳೆದುಕೊಂಡದ್ದು, ಇವನ್ನು ಬಲ್ಲವರಿಗೆ ತೋರಿಸಿ ಬೇಗ ತೀರ್ಮಾನಿಸಬೇಕು. ಆದರೆ ಪೊಟರೆಯಿದೆ ಎಂಬುದೊಂದೇ ಕಾರಣ ಸಾಲದು. ಭಾರ ಹೊರುವುದು ಹೆಚ್ಚಾಗಿ ಹೊರಗಿನ ಗಟ್ಟಿ ಕವಚ. ಒಳಗೆ ಟೊಳ್ಳಾದ ಹಳೆಯ ಚಂಗ್ಮಾಗಳು ವರ್ಷವರ್ಷವೂ ಕೋಲು ಕೊಡುತ್ತಿರುತ್ತವೆ. ವಸಂತದಲ್ಲಿ ಚಿಗುರದ ಮರವನ್ನೂ ಆತುರಪಟ್ಟು ಕೆಡಹಬಾರದು. ಉಗುರಿನಿಂದ ರೆಂಬೆಯನ್ನು ಕೆರೆದು ನೋಡಿ ತೊಗಟೆಯಡಿ ಹಸಿರಿದ್ದರೆ ಬೇಸಿಗೆಯವರೆಗೆ ಕಾಯಬೇಕು.

ನೆಡುವ ಉತ್ಸಾಹಕ್ಕೆ ಅಲ್ಲೇನೂ ಕೊರತೆಯಿಲ್ಲ. 2010ರ ಅಕ್ಟೋಬರ್‌ನಲ್ಲಿ ಲಡಾಖಿನಲ್ಲಿ ಒಂದು ತಾಸಿನೊಳಗೆ ಐವತ್ತು ಸಾವಿರ ಸಸಿ ನೆಟ್ಟದ್ದು ವಿಶ್ವದಾಖಲೆಯಾಯಿತು. ಸಂತೋಷವೇ. ಆದರೆ ಪಕ್ಕದ ಲಾಹೌಲ್ ಕಣಿವೆಯ ಪಾಠವನ್ನೂ ಓದಬೇಕು. ರೆಂಬೆ ಊರಿದರೆ ಬೇರುಬಿಡುತ್ತದೆಂಬ ಸುಲಭಕ್ಕೆ ಅಲ್ಲಿ ಒಂದೇ ಜಾತಿಯ ವಿಲೋವನ್ನು ಎಲ್ಲೆಡೆ ಹಬ್ಬಿಸಲಾಯಿತು. ಕೀಟ ಮತ್ತು ಶಿಲೀಂಧ್ರಗಳು ತಗಲಿದಾಗ ತೋಪಿಗೆ ತೋಪೇ ಒಣಗಿತು. ಒಂದೇ ತಾಯಿಮರದ ತುಂಡುಗಳಿಗೆ ತಡೆಯುವ ಶಕ್ತಿಯೂ ಒಂದೇ, ದೌರ್ಬಲ್ಯವೂ ಒಂದೇ.

ಲೇಹ್‌ನಲ್ಲಿ ಹೊಸ ಕಟ್ಟಡದ ನಕ್ಷೆ ಒಪ್ಪುವಾಗ ನಿವೇಶನದ ಮರಗಳನ್ನು ಮಾತ್ರವಲ್ಲ, ಅವುಗಳಿಗೆ ನೀರು ತರುವ ಯೂರಾವನ್ನೂ ಗುರುತಿಸಿ ಕಾಯುವ ನಿಯಮ ಬೇಕೆಂದು ನಾವು ಒತ್ತಾಯಿಸುತ್ತೇವೆ. ಮುಂದಿನ ಬೇಸಿಗೆಗೆ ಲಡಾಖಿಗೆ ಹೊರಟಿರುವ ನಮ್ಮ ಓದುಗರಿಗೂ ಒಂದು ಕೋರಿಕೆ. ತಾವು ತಂಗುವ ಮನೆಯ ಅಂಗಳದಲ್ಲಿ ಚಂಗ್ಮಾ ಇದ್ದರೆ, ಅದಕ್ಕೆ ನೀರು ಎಲ್ಲಿಂದ ಬರುತ್ತದೆಂದು ಮನೆಯವರನ್ನು ಕೇಳಿ. ಕಾಲುವೆಯಿಂದ ಎಂಬ ಉತ್ತರ ಬಂದರೆ, ಯಾವ ತಿಂಗಳವರೆಗೆ ಎಂದೂ ಕೇಳಿ.