ಘಟ್ಟದ ರಸ್ತೆಯೂ ಬ್ಯಾಟರಿಯ ಆಯುಷ್ಯವೂ

2001ರಲ್ಲಿ ಬೆಂಗಳೂರಿನ ರೇವಾ ಕಾರು ಬಂದಾಗ ಅದರ ಒಡಲಲ್ಲಿದ್ದುದು ಸೀಸ-ಆಮ್ಲದ ಬ್ಯಾಟರಿ. ಇಂದಿನ ಲಿಥಿಯಂ ಬ್ಯಾಟರಿಯನ್ನು ಕುಲುಕಾಟಕ್ಕೂ ಆಘಾತಕ್ಕೂ ಒಡ್ಡಿ ಪರೀಕ್ಷಿಸಿದ ನಂತರವೇ ಕಾರಿಗೆ ಜೋಡಿಸುತ್ತಾರೆ. ಹೊಂಡಗಳಿಗಿಂತ ಅದನ್ನು ಬೇಗ ಮುಪ್ಪಾಗಿಸುವುದು ಶಾಖ; ಆ ಮಟ್ಟಿಗೆ ಮಲೆನಾಡಿನ ಹವೆ ಅದಕ್ಕೆ ಹಿತವೇ. ಆದರೆ ಬ್ಯಾಟರಿ ಇರುವುದು ಸಾಮಾನ್ಯವಾಗಿ ಕಾರಿನ ತಳದಲ್ಲಿ. ಮಳೆ ಕೊರೆದ ದಾರಿಯಲ್ಲಿ ಎದ್ದು ನಿಂತ ಕಲ್ಲೊಂದು ಬಡಿದರೆ ಕವಚ ನಗ್ಗಿ, ಸೀಳಿದಲ್ಲಿ ನೀರು ಒಳಸೇರಬಹುದು. ಬಲವಾಗಿ ಬಡಿದ ಸದ್ದಾದರೆ ತಳ ಪರೀಕ್ಷಿಸದೆ ಚಾರ್ಜಿಗೆ ಹಾಕಬಾರದು.

ಇನ್ನೊಂದು ಮಾತು. ಆಗುಂಬೆಯಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿ ಘಟ್ಟ ಇಳಿಯಬೇಡಿ. ಇಳಿಜಾರಿನಲ್ಲಿ ಮೋಟಾರು ಹುಟ್ಟಿಸುವ ವಿದ್ಯುತ್ತಿಗೆ ಜಾಗವಿಲ್ಲದೆ ಭಾರವೆಲ್ಲ ಚಕ್ರದ ಬ್ರೇಕಿಗೇ ಬೀಳುತ್ತದೆ.

ಈ ಕಾರುಗಳ ಹೆಸರಿನಲ್ಲಿ ರಸ್ತೆ ಅಗಲಿಸಿರೆಂದು ಕೇಳುವವರೂ ಹುಟ್ಟಿಯಾರು. ಇವಕ್ಕೆ ಬೇಕಿರುವುದು ನೀರು ಹರಿದುಹೋಗುವ ಚರಂಡಿ, ಮೋರಿ. ಒಂದು ಮರವನ್ನೂ ಕಡಿಯದೆ ಪಂಚಾಯಿತಿಯೇ ಅವನ್ನು ಮಾಡಿಸಬಹುದು.