ಮಳೆ ಹಿಡಿಯುವ ಮೊದಲೇ ಬಸುರಿಯರ ಕಾಳಜಿಗೆ ಕೇರಿಯೇ ಸಜ್ಜಾಗಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕಿನ ಬಂಧುಗಳೇ,

ನಮ್ಮ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು. ಆಷಾಢದ ಮಳೆಗೆ ಕಾಲುಸಂಕ ಮುಳುಗುತ್ತದೆ, ಮರ ಬಿದ್ದು ರಸ್ತೆ ಕಟ್ಟುತ್ತದೆ, ನೆಟ್‌ವರ್ಕ್ ಹೋಗುತ್ತದೆ. ಕಷ್ಟದ ಹೆರಿಗೆಯಾದರೆ ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಓಡಬೇಕು. ಹೆತ್ತ ಮೇಲೆ ರಕ್ತ ನಿಲ್ಲದಿದ್ದರೆ ಕೆಲವೇ ತಾಸಿನಲ್ಲಿ ತಾಯಿಯ ಜೀವ ಹೋಗಬಹುದು. ಬೇನೆ ಬಂದ ರಾತ್ರಿ ಜೀಪು ಹುಡುಕಿದರೆ ಸಾಲದು. ಮೊದಲ ಮೂರು ತಿಂಗಳಲ್ಲೇ ತಯಾರಿ ಶುರುವಾಗಬೇಕು.

ಮನೆಯವರು ಮಾಡಬೇಕಾದ್ದು:

● ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಮಾಡಿಸಿ. ಕನಿಷ್ಠ 4 ಸಲ ತೂಕ, ಬಿಪಿ, ರಕ್ತ, ಮೂತ್ರ ಪರೀಕ್ಷೆ ಆಗಲೇಬೇಕು. 4ನೇ ತಿಂಗಳಿಂದ, ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರ ಉಚಿತ ತಪಾಸಣೆಯಿದೆ.

● ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 4ನೇ ತಿಂಗಳಿಂದ 180 ದಿನ ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡಿ. ಚಹಾದ ಜೊತೆ ಬೇಡ, ಲಿಂಬೆ ಪಾನಕ ಒಳ್ಳೆಯದು. ಮಲ ಕಪ್ಪಾದರೆ ಹೆದರಬೇಡಿ. ಮಾತ್ರೆಯಿಂದ ಮಗು ದಪ್ಪವಾಗಿ ಹೆರಿಗೆ ಕಷ್ಟವೆಂಬ ಮಾತು ಸುಳ್ಳು.

● ಅತ್ತೆಯಂದಿರೇ, ಬಸುರಿ ಸೊಸೆಯನ್ನು ಕೊನೆಯ ಪಂಕ್ತಿಗೆ ಕಾಯಿಸಬೇಡಿ. ಅಂಗನವಾಡಿಯ ಮಾತೃಪೂರ್ಣ ಆಹಾರ 2017ರಿಂದ ಅವಳಿಗಾಗಿಯೇ ಇದೆ.

ಒಂದು ಗಳಿಗೆಯೂ ಕಾಯಬಾರದ ಲಕ್ಷಣಗಳು:

ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ–ಕೈ ಬಾವು, ಫಿಟ್ಸ್, ಜ್ವರ, ದಿನ ತುಂಬುವ ಮೊದಲೇ ನೀರು ಹೋಗುವುದು, ಮಗುವಿನ ಹೊರಳಾಟ ಕಡಿಮೆಯಾಗುವುದು. ತಕ್ಷಣ 108ಕ್ಕೆ ಕರೆ ಮಾಡಿ. ಬಾಣಂತಿಗೂ ರಕ್ತಸ್ರಾವ, ಜ್ವರವನ್ನು ಹಗುರವಾಗಿ ಕಾಣಬೇಡಿ.

ಕೇರಿಯವರು ಮಾಡಬೇಕಾದ್ದು:

● ಸಿದ್ದಿ, ಗೌಳಿ, ಕುಣಬಿ ಕೇರಿಗಳು, ಕಾಡಂಚಿನ ಒಂಟಿ ಮನೆಗಳು, ಯಾವುದನ್ನೂ ಬಿಡದೆ ಆಶಾ ಜೊತೆ ಕೂತು ಮೇ ತಿಂಗಳೊಳಗೆ ಬಸುರಿಯರ ಪಟ್ಟಿ ಮಾಡಿ.

● ರಾತ್ರಿಯೂ ಬರುವ ಎರಡು ವಾಹನ ಗೊತ್ತು ಮಾಡಿ. ಚಾಲಕರ ನಂಬರನ್ನು ಹಾಲಿನ ಡೈರಿಯ ಗೋಡೆಗೆ ಬರೆಸಿ.

● ಹಳ್ಳ ದಾಟಿ ಬರಬೇಕಾದವರನ್ನು ದಿನ ತುಂಬುವ ಮೊದಲೇ ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ತಲುಪಿಸಿ.

● ಪ್ರತಿ ಬಸುರಿಗೂ ರಕ್ತ ಕೊಡಲು ಇಬ್ಬರು ಸಿದ್ಧರಿರಲಿ. ಯುವಕರೇ, ಈ ಕೆಲಸ ನಿಮ್ಮದು.

ನೆನಪಿಡಿ: 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಹೋಗಿಬರುವ ವಾಹನ ಎಲ್ಲವೂ ಉಚಿತ. ಯಾರಾದರೂ ಹಣ ಕೇಳಿದರೆ 104ಕ್ಕೆ ದೂರು ಕೊಡಿ.

ಮುಂದಿನ ಗ್ರಾಮಸಭೆಗೆ ಹೆಂಗಸರೂ ಗಂಡಸರೂ ಒಟ್ಟಾಗಿ ಬನ್ನಿ. ಮುರಿದ ಕಾಲುಸಂಕ ಯಾವಾಗ ಕಟ್ಟುತ್ತೀರಿ, ಉಪಕೇಂದ್ರದ ಖಾಲಿ ಹುದ್ದೆ ಯಾವಾಗ ತುಂಬುತ್ತೀರಿ ಎಂದು ಕೇಳಿ, ಉತ್ತರವನ್ನು ಠರಾವಿನಲ್ಲಿ ಬರೆಸಿ. ನಿಮ್ಮ ಕೇರಿಯಲ್ಲಿ ಈಗ ಬಸುರಿಯರು ಯಾರ್ಯಾರು? ಇವತ್ತೇ ವಿಚಾರಿಸಿ.