ಬಾಗಿಲಿಗೆ ಜೋತು ಬೀಳಬೇಡಿ, ಪಂಚಾಯಿತಿಗೆ ಜೋತು ಬೀಳಿ

ಗಾದಿಗನೂರಲ್ಲಿ ನಿಂತರೆ ಕಬ್ಬಿಣ ಕಾಣದ ದಿಕ್ಕಿಲ್ಲ. ಒಂದು ಕಡೆ ಸಂಡೂರಿನ ಗುಡ್ಡ, ಇನ್ನೊಂದು ಕಡೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ನಡುವೆ ಹೊಸಪೇಟೆ–ಬಳ್ಳಾರಿ ಹೆದ್ದಾರಿಯ ಲಾರಿಗಳು, ಹಳಿಯ ಮೇಲೆ ಗೂಡ್ಸ್ ರೈಲು. ಇಷ್ಟು ಕಬ್ಬಿಣ ಕಣ್ಣ ಮುಂದೆ ಓಡಾಡುವ ನಮ್ಮ ಕಡೆಯ ಎಷ್ಟೋ ಊರಲ್ಲಿ, ಒಬ್ಬ ಹುಡುಗ ಎರಡು ಕೈಯಲ್ಲಿ ಹಿಡಿದು ಜೋತಾಡೋಣ ಅಂದರೆ ನಾಲ್ಕು ಅಡಿ ಗಟ್ಟಿ ಪೈಪು ಸಿಗುವುದಿಲ್ಲ. ಅದಕ್ಕೇ ಅವನು ಮೊಬೈಲ್ ತೆಗೆದು 'ಡೋರ್ ಪುಲ್‌ಅಪ್ ಬಾರ್' ಅಂತ ಹುಡುಕುತ್ತಾನೆ. ನಾಲ್ಕು ದಿನಕ್ಕೆ ಪಾರ್ಸೆಲ್ ಬರುತ್ತದೆ. ಐದನೇ ದಿನ ಮನೆ ಬಾಗಿಲಿಗೆ ಜೋತು ಬೀಳುತ್ತಾನೆ.

ನಾನೂ ಹಾಗೇ ಬಿದ್ದವನು. 2020ರ ಲಾಕ್‌ಡೌನ್‌ನಲ್ಲಿ ಜಿಮ್ ಮುಚ್ಚಿದಾಗ ಒಂದು ಬಾರ್ ತರಿಸಿದ್ದೆ. ಡಬ್ಬಿ ಮೇಲೆ 300 ಕೆ.ಜಿ. ತಾಳುತ್ತದೆ ಅಂತ ಬರೆದಿತ್ತು. ನಾನು 68 ಕೆ.ಜಿ. ಇದ್ದೆ. ಎಂಟನೇ ದಿನ, ಆರನೇ ಪುಲ್‌ಅಪ್‌ಗೆ ಬಾರ್ ಜಾರಿತು. ಬೆನ್ನ ಕೆಳಗಿನ ಎಲುಬು ಸರಿಯಾಗಿ ಹೊಸ್ತಿಲ ಮೇಲೆ ಬಿತ್ತು. ಮೂರು ವಾರ ಬೈಕ್ ಮೇಲೆ ಕೂರಲಾಗಲಿಲ್ಲ. ಸುದ್ದಿಗೆ ಇಷ್ಟು ಅಂತ ದುಡ್ಡು ಎಣಿಸುವ ಸ್ಟ್ರಿಂಗರ್‌ಗೆ ಬೈಕ್ ನಿಂತರೆ ಒಲೆಯೂ ನಿಂತಂತೆ. ನಮ್ಮವ್ವ ಮಾತ್ರ ಒಂದೇ ಮಾತು ಅಂದಳು: "ಹೊಸ್ತಿಲ ಮ್ಯಾಲೆ ಜೋತಾಡಬ್ಯಾಡ ಅಂತ ಬಡ್ಕೊಂಡ್ನೆಲ್ಲೋ, ಕೇಳಿದ್ಯಾ?"

ಅವ್ವ ಶಾಸ್ತ್ರಕ್ಕೆ ಹೇಳಿದ್ದಳು. ಆದರೆ ಲೆಕ್ಕ ಹಾಕಿದರೂ ಅವಳದ್ದೇ ಸರಿ.

ಈ ಬಾರ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಮೊದಲನೆಯದು ತಿರುಗಿಸಿ ಉದ್ದ ಮಾಡುವ ಬಾರ್. ಎರಡೂ ತುದಿಗೆ ರಬ್ಬರ್ ಇರುತ್ತದೆ. ಚೌಕಟ್ಟಿನ ನಡುವೆ ಬಿಗಿಯಾಗಿ ಸಿಕ್ಕಿಸುವುದು, ಅಷ್ಟೇ. ಮೊಳೆಯಿಲ್ಲ, ಸ್ಕ್ರೂ ಇಲ್ಲ. ನಿಮ್ಮನ್ನು ಹಿಡಿದಿಡುವುದು ರಬ್ಬರಿನ ತಿಕ್ಕಾಟ ಒಂದೇ.

60 ಕೆ.ಜಿ. ಹುಡುಗ ಅಂತ ಇಟ್ಟುಕೊಳ್ಳಿ. ಒಂದೊಂದು ತುದಿಗೆ 30 ಕೆ.ಜಿ. ಭಾರ. ರಬ್ಬರ್ ತಾನು ಒತ್ತುವ ಬಲದ ಅರ್ಧದಷ್ಟು ಭಾರ ಹಿಡಿಯುತ್ತದೆ ಅಂದರೂ, ಸುಮ್ಮನೆ ನೇತಾಡಲಿಕ್ಕೇ ಎರಡೂ ಪಕ್ಕ 60 ಕೆ.ಜಿ. ಒತ್ತಡ ಬೇಕು. ಜಗ್ಗಿ ಮೇಲೇರಿ ಧಡಕ್ಕನೆ ಕೆಳಗೆ ಬಂದರೆ ಭಾರ ಒಂದೂವರೆ, ಎರಡು ಪಟ್ಟಾಗುತ್ತದೆ. ಅಂದರೆ ಎರಡು ಸಿಮೆಂಟ್ ಚೀಲದಷ್ಟು ಬಲ ನಿಮ್ಮ ಚೌಕಟ್ಟಿನ ಒಂದೊಂದು ಕಂಬವನ್ನೂ ಹೊರಗೆ ನೂಕುತ್ತಿರಬೇಕು. ನೂಕದಿದ್ದರೆ ನೀವು ಬೀಳುತ್ತೀರಿ. ನೂಕಿದರೆ ಚೌಕಟ್ಟು ಸಡಿಲಾಗಿ ಗಿಲಾಯಿ ಬಿರುಕು ಬಿಡುತ್ತದೆ. ಎಣ್ಣೆಬಣ್ಣ ಬಳಿದ ಚೌಕಟ್ಟು, ಅದರ ಮೇಲೆ ನಮ್ಮ ಹೆದ್ದಾರಿಯ ಕೆಂಪು ಧೂಳು ಕೂತಿದ್ದರೆ ರಬ್ಬರಿನ ಹಿಡಿತ ಇನ್ನೂ ಕಡಿಮೆ. ಇನ್ನೊಂದು ಮಾತು, ತಿರುಗಿಸಿ ಬಿಗಿ ಮಾಡಿದ್ದು ತಿರುಗಿಸಿದರೆ ಸಡಿಲವೂ ಆಗುತ್ತದೆ. ಪುಲ್‌ಅಪ್ ಮಾಡುವಾಗ ನಿಮ್ಮ ಮುಷ್ಟಿಯೇ ಆ ಬಾರನ್ನು ತಿರುಗಿಸುತ್ತಿರುತ್ತದೆ.

ಎರಡನೆಯದು ಕೊಕ್ಕೆ ಹಾಕುವ ಬಾರ್. ಬಾಗಿಲ ಸುತ್ತ ಗೋಡೆಯಿಂದ ಮುಂದೆ ಚಾಚಿದ ಮರದ ಪಟ್ಟಿ ಇರಬೇಕು, ಗೋಡೆ ತೆಳ್ಳಗಿರಬೇಕು. ಅಮೆರಿಕದ ಮರದ ಮನೆಗಳಿಗೆ ಇದು ಸರಿ. ನಮ್ಮ ಇಟ್ಟಿಗೆ ಗೋಡೆ 9 ಇಂಚು, ಹಳೇ ಕಲ್ಲುಗೋಡೆ ಅದಕ್ಕೂ ದಪ್ಪ. ಚೌಕಟ್ಟು ಗಿಲಾಯಿಗೆ ಸಮನಾಗಿ ಕೂತಿರುತ್ತದೆ. ಕೊಕ್ಕೆ ಕೂರಲು ಜಾಗವೇ ಇಲ್ಲ.

ಮೂರನೆಯದು ಸ್ಕ್ರೂ ಹೊಡೆದು ಕೂರಿಸುವ ಬಟ್ಟಲಿನ ಬಾರ್. ಈ ಮೂರರಲ್ಲಿ ಮರ್ಯಾದೆ ಇರುವುದು ಇದಕ್ಕೊಂದೇ. ಅದೂ ಚೌಕಟ್ಟು ಗಟ್ಟಿಮರದ್ದಾಗಿದ್ದು, ಹೋಲ್ಡ್‌ಫಾಸ್ಟ್ ಹಾಕಿ ಗೋಡೆಗೆ ಬಿಗಿದಿದ್ದರೆ ಮಾತ್ರ. ಸಿಮೆಂಟ್ ಚೌಕಟ್ಟಿಗೆ ಡ್ರಿಲ್ ಹಾಕಿದರೆ ಸೀಳುತ್ತದೆ. ತಗಡಿನ ಚೌಕಟ್ಟು ಒಳಗೆ ಟೊಳ್ಳು. ಗೆದ್ದಲು ಹತ್ತಿದ ಮರ ಹೊರಗಿನಿಂದ ಗೊತ್ತೇ ಆಗುವುದಿಲ್ಲ, ಬೆರಳಲ್ಲಿ ತಟ್ಟಿ ಸದ್ದು ಕೇಳಿ. ಮಣ್ಣಿನ ಗೋಡೆಯ ಮಾಳಿಗೆ ಮನೆಯಲ್ಲಿ, ಹಾಲೋ ಬ್ಲಾಕ್ ಗೋಡೆಯ ಮನೆಯಲ್ಲಿ ಇದರ ಸುದ್ದಿಗೇ ಹೋಗಬೇಡಿ.

ಇದೆಲ್ಲ ಮಾರುವವರಿಗೆ ಗೊತ್ತಿಲ್ಲವೇ? ಗೊತ್ತಿದೆ. '300 ಕೆ.ಜಿ.' ಅಂದರೆ ಪೈಪು ಬಾಗುವ ಲೆಕ್ಕವೋ, ರಬ್ಬರ್ ಜಾರುವ ಲೆಕ್ಕವೋ? ಯಾವ ಬಾಗಿಲಿಗೆ ಹಾಕಿ ನೋಡಿದರು? ನನ್ನ ಡಬ್ಬಿ ಮೇಲೆ ಅದೊಂದೂ ಇರಲಿಲ್ಲ. ವಿಡಿಯೋದಲ್ಲಿ ಬಟ್ಟೆ ಬಿಚ್ಚಿ ಬಾರ್ ಹೊಗಳುವ ಅಣ್ಣಂದಿರಿಗೆ ಕೆಳಗಿನ ಲಿಂಕಿನಿಂದ ಕಮಿಷನ್. ಬಿದ್ದವನ ಎಕ್ಸ್‌ರೇ ದುಡ್ಡು ಯಾವ ಲಿಂಕಿನಲ್ಲೂ ವಾಪಸ್ ಬರುವುದಿಲ್ಲ.

ಆದರೆ ಮೋಸ ಹೋದವರು ಸುಮ್ಮನೆ ಕೂರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವಿನಿಂದ ಗಾಯವಾದರೆ ಪರಿಹಾರ ಕೇಳಬಹುದು. ಮಾರಿದವನು ದೆಹಲಿಯಲ್ಲಿದ್ದರೂ ನೀವು ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಿಲ್ಲು, ಡಬ್ಬಿ, ಮುರಿದ ಬಾರಿನ ಫೋಟೊ ಇಟ್ಟುಕೊಳ್ಳಿ. ನಾನು ಸಿಟ್ಟಿನಲ್ಲಿ ಡಬ್ಬಿ ಸುಟ್ಟು ಕೈಸುಟ್ಟುಕೊಂಡೆ, ನೀವು ಹಾಗೆ ಮಾಡಬೇಡಿ.

ಈಗ ನನ್ನ ನಿಜವಾದ ಜಗಳಕ್ಕೆ ಬರುತ್ತೇನೆ. ಹುಡುಗರು ಬಾಗಿಲಿಗೆ ಯಾಕೆ ಜೋತು ಬೀಳುತ್ತಾರೆ? ಶೋಕಿಗೆ ಅಂತೀರಾ? ಸೇನಾ ಭರ್ತಿಯ ನಿಯಮ ನೋಡಿ. ಅಗ್ನಿವೀರ್ ಜನರಲ್ ಡ್ಯೂಟಿಗೆ ಬೀಮ್ ಮೇಲೆ 10 ಪುಲ್‌ಅಪ್ ಹೊಡೆದರೆ 40 ಅಂಕ. 6 ಹೊಡೆದರೆ 16. ಅದಕ್ಕಿಂತ ಕಡಿಮೆಯಾದರೆ ಮನೆಗೆ. ನಾಲ್ಕೇ ನಾಲ್ಕು ಪುಲ್‌ಅಪ್‌ಗೆ 24 ಅಂಕದ ಅಂತರ! (ಪೊಲೀಸ್ ಕಾನ್‌ಸ್ಟೇಬಲ್ ಆಗುವವರು ಗಮನಿಸಿ. ನಿಮಗೆ ಇರುವುದು ಓಟ, ಜಿಗಿತ, ಗುಂಡು ಎಸೆತ. ಬಾರ್ ಇಲ್ಲದೆ ನಿಮ್ಮ ಪರೀಕ್ಷೆ ನಿಲ್ಲುವುದಿಲ್ಲ.) ಒಬ್ಬ ಬಡವರ ಮನೆ ಹುಡುಗನ ನೌಕರಿ ನಿಂತಿರುವುದು ಒಂದು ಪೈಪಿನ ಮೇಲೆ. ಆ ಪೈಪನ್ನು ಊರು ಕೊಡುವುದಿಲ್ಲ. ಅದಕ್ಕೇ ಅವನು ಬಾಗಿಲು ನಂಬುತ್ತಾನೆ.

ಮೈ ಬೆಳೆಸುವುದು ನಮ್ಮ ಸೀಮೆಗೆ ಹೊಸದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸ್ ಬರೆದಿಟ್ಟಿದ್ದಾನೆ, ಕೃಷ್ಣದೇವರಾಯ ಬೆಳಕು ಹರಿಯುವ ಮುಂಚೆಯೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ಬೀಸಿ, ಕುಸ್ತಿ ಆಡುತ್ತಿದ್ದ ಅಂತ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಲ್ಲಿ ಇವತ್ತಿಗೂ ಜಟ್ಟಿಗಳಿದ್ದಾರೆ. ಗರಡಿಯಲ್ಲಿ ಮಣ್ಣು ಹದ ಮಾಡುತ್ತಿದ್ದರು, ಬಿದ್ದರೆ ಪೆಟ್ಟಾಗಬಾರದು ಅಂತ. ಮಲ್ಲಕಂಬವನ್ನು ನೆಲದಲ್ಲಿ ಹೂಳುತ್ತಿದ್ದರು. ಹಿರಿಯರ ಬುದ್ಧಿ ಇಷ್ಟೇ: ಭಾರ ನೆಲಕ್ಕೆ ಹೋಗಬೇಕು, ಬೀಳುವವನು ಮಣ್ಣಿಗೆ ಬೀಳಬೇಕು. ಬಾಗಿಲ ಬಾರಿನಲ್ಲಿ ಎರಡೂ ಉಲ್ಟಾ.

ನೆಲದ ಬಾರ್ ಮಾಡುವುದು ಬ್ರಹ್ಮವಿದ್ಯೆಯಲ್ಲ. ಎರಡು ಇಂಚಿನ ಜಿಐ ಪೈಪು 20 ಅಡಿ ಉದ್ದದಲ್ಲಿ ಸಿಗುತ್ತದೆ. ನಡುವೆ ಕೊಯ್ದರೆ 10 ಅಡಿಯ ಎರಡು ಕಂಬ. ಎರಡೆರಡು ಅಡಿ ಗುಂಡಿ ತೋಡಿ ಕಾಂಕ್ರೀಟ್ ಹಾಕಿ ನಿಲ್ಲಿಸಿ. ಮೇಲೆ ಒಂದು ಇಂಚಿನ ದಪ್ಪ ಪೈಪು ನಾಲ್ಕು ಅಡಿ, ಸುತ್ತಲೂ ವೆಲ್ಡಿಂಗ್. ಒಂದು ಇಂಚಿನ ಪೈಪಿನ ಹೊರಸುತ್ತು ಮುಷ್ಟಿಗೆ ಸರಿಯಾಗಿ ಕೂರುತ್ತದೆ. ಒಂದು ವಾರ ಕಾಂಕ್ರೀಟಿಗೆ ನೀರು ಹಾಕಿ, ಅಲ್ಲಿವರೆಗೆ ಯಾರೂ ಮುಟ್ಟಬಾರದು. ಕೆಳಗೆ ಕಲ್ಲು ಆರಿಸಿ ಒಂದು ಗಾಡಿ ಮರಳು ಸುರಿಯಿರಿ. ಒಂದು ಬಾಗಿಲ ಬಾರಿಗಿಂತ ಇದು ದುಬಾರಿ, ನಿಜ. ಆದರೆ ಹತ್ತು ಹುಡುಗರು ಹತ್ತು ಬಾರ್ ತರಿಸುವ ದುಡ್ಡು ಒಂದು ಕಡೆ ಸೇರಿಸಿ ನೋಡಿ.

"ನಮ್ಮ ಹೆಣ್ಣುಮಕ್ಕಳು ಮೈದಾನಕ್ಕೆ ಹೋಗಿ ಜೋತಾಡಲಿಕ್ಕೆ ಆಗುತ್ತದಾ?" ಅಂತ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ನೈಟ್ ಶಿಫ್ಟ್ ಮುಗಿಸಿ ಬರುವವನಿಗೂ ಮನೆಯೇ ಅನುಕೂಲ. ಹಾಗಿದ್ದರೆ ಹಿತ್ತಲಲ್ಲಿ ಹೂಳಿ. ಹಿತ್ತಲಿಲ್ಲದವರು ಆರ್‌ಸಿಸಿ ಬೀಮಿಗೆ ಆ್ಯಂಕರ್ ಬೋಲ್ಟ್ ಹೊಡೆಸಿ ಬಾರ್ ಕೂರಿಸಿ, ಅದೂ ಗೊತ್ತಿರುವ ಮೇಸ್ತ್ರಿ ಕೈಯಲ್ಲಿ. ಬಾಗಿಲಿಗೆ ಹಾಕಲೇಬೇಕು ಅನ್ನುವವರು ಸ್ಕ್ರೂ ಹೊಡೆಯುವುದನ್ನೇ ತರಿಸಿ. ಮೊದಲ ದಿನ ಕಾಲು ನೆಲದಲ್ಲೇ ಇಟ್ಟು ನಿಧಾನ ಭಾರ ಬಿಟ್ಟು ನೋಡಿ. ಹೊಸ್ತಿಲಿರುವ ಬಾಗಿಲು ಬೇಡ. ಕಾಲು ಮೇಲೆತ್ತಿ ತೂಗಾಡಬೇಡಿ. ಸಣ್ಣ ಮಕ್ಕಳಿರುವ ಮನೆಯಲ್ಲಿ ಆಟ ಮುಗಿದ ಮೇಲೆ ಬಾರ್ ಬಿಚ್ಚಿಡಿ, ಅವರು ಅದನ್ನು ಉಯ್ಯಾಲೆ ಅಂದುಕೊಳ್ಳುತ್ತಾರೆ.

ಆದರೆ ಇದೆಲ್ಲ ಒಬ್ಬೊಬ್ಬರ ಜೇಬಿನ ಪರಿಹಾರ. ಊರಿನ ಪರಿಹಾರ ಪಂಚಾಯಿತಿಯ ಕೈಯಲ್ಲಿದೆ. ನರೇಗಾದಲ್ಲಿ ಶಾಲಾ ಮೈದಾನ ಮಾಡಿದ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿವೆ. ಸ್ವಾಗತ ಕಮಾನಿಗೆ ದುಡ್ಡು ಹೊಂದಿಸುವವರಿಗೆ ಮೂರು ಪೈಪಿಗೆ ಹೊಂದಿಸಲು ಬಾರದೇ? ನಾಯಕರ ಹುಟ್ಟುಹಬ್ಬಕ್ಕೆ ಕಟ್ಟುವ ಒಂದು ಫ್ಲೆಕ್ಸಿನ ಚೌಕಟ್ಟಿಗೆ ಹಾಕುವ ಕಬ್ಬಿಣ ಸಾಕು, ನಮ್ಮ ಹುಡುಗರಿಗೆ ಬಾರ್ ಆಗುತ್ತದೆ.

ಗ್ರಾಮಸಭೆ ವರ್ಷಕ್ಕೆ ಕನಿಷ್ಠ ಎರಡು ಸಲ ನಡೆಯಬೇಕು. ಮುಂದಿನ ಸಭೆಗೆ ಭರ್ತಿಗೆ ತಯಾರಾಗುವ ಹುಡುಗರೆಲ್ಲ ಒಟ್ಟಿಗೆ ಹೋಗಿ. ಬಿಳಿ ಹಾಳೆಯಲ್ಲಿ ಪಿಡಿಒ ಹೆಸರಿಗೆ ಮೂರೇ ಸಾಲು ಬರೆಯಿರಿ: ಶಾಲಾ ಮೈದಾನದಲ್ಲಿ ಎರಡು ಎತ್ತರದ ಬಾರ್ ಬೇಕು, ಕೆಳಗೆ ಮರಳು ಬೇಕು, ಹೆಣ್ಣುಮಕ್ಕಳಿಗೆ ಬೇರೆ ಸಮಯ ಬೇಕು. ಸ್ವೀಕೃತಿ ಸಹಿ ಹಾಕಿಸಿಕೊಂಡು ಒಂದು ಫೋಟೊ ತೆಗೆದು ನನಗೆ ಕಳಿಸಿ. ಸುದ್ದಿ ಮಾಡುವುದು ನನ್ನ ಕೆಲಸ. ಬೈಕ್ ಮೇಲೆ ಈಗ ಕೂರಲಿಕ್ಕಾಗುತ್ತದೆ, ಎಲ್ಲಿಗೆ ಕರೆದರೂ ಬರುತ್ತೇನೆ.